ಗೋಧಿಯಿಲ್ಲದ ಬುತ್ತಿ

ಬುತ್ತಿ ಕಟ್ಟುವ ಕಾರ್ಯವು ಕಾವೇರೀತೀರದ ಗೃಹಿಣಿಯರಿಗೆ ಹೊಸದಲ್ಲ. ಹೊಲಕ್ಕೆ ಹೋಗುವವನಿಗೆ ಮುದ್ದೆಯನ್ನೂ, ಯಾತ್ರೆಗೆ ಹೊರಟವರಿಗೆ ಪುಳಿಯೋಗರೆಯನ್ನೂ, ಪಾಠಶಾಲೆಯ ಹುಡುಗನಿಗೆ ಮೊಸರನ್ನವನ್ನೂ ಕಟ್ಟಿಕೊಡುತ್ತ ಬಂದವರು ಅವರು. ಇದರಲ್ಲಿ ಆಲೋಚಿಸತಕ್ಕದ್ದೇನಿದೆಯೆಂದು ವಾಚಕರು ಕೇಳಬಹುದು. ಆದರೆ ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಮನೆಯಲ್ಲಿ, ಎಂಟು ವರ್ಷದ ಬಾಲಿಕೆಯೊಬ್ಬಳ ಬುತ್ತಿಯು ಮೂರು ವರ್ಷಗಳಿಂದ ಮನೆಮಂದಿಯೆಲ್ಲರ ನಿತ್ಯಚಿಂತೆಗೆ ವಿಷಯವಾಗಿದೆ. ಆ ಮಗುವಿಗೆ ಗೋಧಿ ಆಗದು.

"ಆಗದು" ಎಂಬ ಮಾತನ್ನು ಲೋಕದಲ್ಲಿ ಬಹಳ ಸಡಿಲವಾಗಿ ಪ್ರಯೋಗಿಸುವುದುಂಟು. ಒಬ್ಬರಿಗೆ ಬದನೆಕಾಯಿ ಆಗದು, ಮತ್ತೊಬ್ಬರಿಗೆ ಮಜ್ಜಿಗೆ ಆಗದು. ಹಬ್ಬದ ದಿನ ಅದನ್ನೇ ಎರಡು ಸಲ ಬಡಿಸಿಕೊಳ್ಳುವುದನ್ನೂ ಕಂಡಿದೆ. ಈ ಮಗುವಿನ ಸಂಗತಿ ಅಂಥದಲ್ಲ. ಗೋಧಿ, ಜವೆ, ರೈ ಎಂಬ ಧಾನ್ಯಗಳಲ್ಲಿ ಗ್ಲೂಟೆನ್ ಎಂಬ ಅಂಟಿನ ಪದಾರ್ಥವಿದೆ. ಒಬ್ಬಟ್ಟಿನ ಕಣಕವು ಹರಿಯದೆ ಹಿಗ್ಗುವುದು ಇದರಿಂದಲೇ. ರಾಗಿಯ ಹಿಟ್ಟು ಎಷ್ಟು ನಾದಿದರೂ ಹಾಗೆ ಹಿಗ್ಗದಿರುವುದು ಇದಿಲ್ಲದುದರಿಂದಲೇ. ಚರಕಸಂಹಿತೆಯು ಗೋಧೂಮವನ್ನು ಸಂಧಾನಕಾರಿಯೆಂದೂ ಬೃಂಹಣವೆಂದೂ ಹೊಗಳಿದೆ. ಕೂಡಿಸುವ ಮತ್ತು ಪುಷ್ಟಿಕೊಡುವ ಆ ಧಾನ್ಯವೇ ಸೀಲಿಯಾಕ್ ಎಂಬ ವ್ಯಾಧಿಯುಳ್ಳವರಲ್ಲಿ ವಿಪರೀತವನ್ನು ಮಾಡುತ್ತದೆ. ಗ್ಲೂಟೆನ್ ಒಳಹೊಕ್ಕೊಡನೆ ಶರೀರದ ರಕ್ಷಣಾಶಕ್ತಿಯು ತನ್ನ ಕರುಳಿನ ಮೇಲೆ ತಾನೇ ದಂಡೆತ್ತಿಹೋಗುತ್ತದೆ. ಸಣ್ಣ ಕರುಳಿನೊಳಗೆ ಅನ್ನರಸವನ್ನು ಹೀರುವ ಸೂಕ್ಷ್ಮವಾದ ಅಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಇದಕ್ಕೆ ಔಷಧಿಯಿಲ್ಲ. ಆ ಧಾನ್ಯಗಳನ್ನು ಜನ್ಮಪರ್ಯಂತ ಬಿಡುವುದೊಂದೇ ಚಿಕಿತ್ಸೆ.

ಈ ತತ್ತ್ವವು ತಿಳಿದುಬಂದ ಬಗೆ ಸೋಜಿಗವಾದುದು. 1888ರಲ್ಲಿಯೇ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು, ಈ ರೋಗವು ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಊಹಿಸಿದ್ದನು; ಯಾವ ಆಹಾರವೆಂಬುದು ಅವನಿಗೆ ಹೊಳೆಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1944-45ರ ಚಳಿಗಾಲ, ಹಾಲೆಂಡಿನಲ್ಲಿ ಘೋರವಾದ ಕ್ಷಾಮ ಬಂದು ರೊಟ್ಟಿ ಸಿಕ್ಕದೆ ಹೋಯಿತು. ಊರಿನ ಮಕ್ಕಳೆಲ್ಲ ಸೊರಗುತ್ತಿರುವಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡವು; ರೊಟ್ಟಿ ಮರಳಿ ಬಂದೊಡನೆ ಮತ್ತೆ ಬಿದ್ದವು. ಗೋಧಿಯ ಮೇಲೆ ಮೊದಲೇ ಸಂಶಯಪಟ್ಟಿದ್ದ ವಿಲ್ಲೆಂ ಡಿಕ್ಕೆ ಎಂಬ ಶಿಶುವೈದ್ಯನು ತನ್ನ ಪರೀಕ್ಷೆಗಳನ್ನು 1950ರಲ್ಲಿ ಪ್ರಬಂಧರೂಪವಾಗಿ ಪ್ರಕಟಿಸಿದನು.

ಶ್ರೀರಂಗಪಟ್ಟಣದ ಮಗುವಿಗೆ ಅಂಥ ಕ್ಷಾಮದ ಉಪಕಾರವೂ ಒದಗಲಿಲ್ಲ. ಮೂರನೆಯ ವರ್ಷದಿಂದಲೇ ಅದರ ಹೊಟ್ಟೆ ಉಬ್ಬಿ, ಕೈಕಾಲು ಸಣ್ಣಗಾಗಿ, ಮುಖ ಬಿಳಿಚಿಕೊಂಡಿತು. ಜಂತುವಿನ ಔಷಧಿಯಾಯಿತು, ದೃಷ್ಟಿ ನಿವಾಳಿಸಿದ್ದಾಯಿತು. ಮಗು ಬಡವಾಗಿದೆಯೆಂದು ಮರುಕಗೊಂಡ ನಂಟರೆಲ್ಲ ತಂದದ್ದು ಬಿಸ್ಕತ್ತು, ರಸ್ಕು, ಗೋಧಿಯ ನುಚ್ಚಿನ ಗಂಜಿ, ಜವೆಯ ಮಾಲ್ಟಿನ ಪುಡಿ. ಪ್ರೀತಿಯಿಂದ ಕೊಟ್ಟ ಒಂದೊಂದು ತುತ್ತೂ ರೋಗಕ್ಕೇ ಪುಷ್ಟಿಯಾಯಿತು. ಐದನೆಯ ವರ್ಷದಲ್ಲಿ ಒಬ್ಬ ಯುವವೈದ್ಯೆಯು ರಕ್ತಪರೀಕ್ಷೆ ಮಾಡಿಸಿ, ಕರುಳಿನ ಸಣ್ಣ ಚೂರನ್ನು ತೆಗೆಸಿ ನೋಡಿ ನಿಜವನ್ನು ಹೇಳಿದಳು. ಪರೀಕ್ಷೆ ಮುಗಿಯುವವರೆಗೆ ಗೋಧಿಯನ್ನು ನಿಲ್ಲಿಸಕೂಡದೆಂದು ಆಕೆ ಮೊದಲೇ ಎಚ್ಚರಿಸಿದ್ದಳು. ನಿಲ್ಲಿಸಿದರೆ ರೋಗದ ಗುರುತುಗಳು ಮರೆಯಾಗಿ ಪರೀಕ್ಷೆಯೇ ಸುಳ್ಳಾಗುವುದಂತೆ. ಇದು ಮನೆಮನೆಯಲ್ಲಿಯೂ ತಿಳಿದಿರಬೇಕಾದ ಮಾತು.

ತಡವಾದುದಕ್ಕೆ ವೈದ್ಯರನ್ನು ಪೂರಾ ದೂರುವಂತೆಯೂ ಇಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೋಧನೆಯ ಪ್ರಕಾರ ಈ ರೋಗವು ಉತ್ತರ ಹಿಂದೂಸ್ಥಾನದ ವಯಸ್ಕರಲ್ಲಿ 100ಕ್ಕೆ 1.23ರಷ್ಟು, ದಕ್ಷಿಣದಲ್ಲಿ 0.10ರಷ್ಟು ಮಾತ್ರ. ಬೀಜಗುಣವು ಎರಡು ಕಡೆಯೂ ಬಹುಮಟ್ಟಿಗೆ ಸಮಾನವೇ, ಭೇದವಿರುವುದು ತಟ್ಟೆಯಲ್ಲಿ. ಅಲ್ಲಿಯವರು ದಿನಕ್ಕೆ 455 ಗ್ರಾಮ್ ಗೋಧಿಯನ್ನು ತಿಂದರೆ, ಇಲ್ಲಿಯವರು ತಿನ್ನುತ್ತಿದ್ದುದು 25 ಗ್ರಾಮ್. ಈಚೆಗೆ ಮನೆಮನೆಯ ರಾತ್ರಿಯೂಟಕ್ಕೆ ಚಪಾತಿ ಬಂದು ಕುಳಿತಿದೆ. ಮುಂದಿನ ಎಣಿಕೆ ಏನಾಗುವುದೋ ನೋಡಬೇಕು.

ರೋಗದ ಹೆಸರು ತಿಳಿದ ದಿನ ತಾಯಿ ಅತ್ತಳು. ನಾಗಮಂಗಲದ ಕಡೆಯ ಹಳ್ಳಿಯಿಂದ ಬಂದ ಅಜ್ಜಿ ಅಳಲಿಲ್ಲ. ಗೋಧಿಯನ್ನು ಕಾಣದೆಯೇ ತನ್ನ ಹಿರಿಯರು ತೊಂಬತ್ತು ವರ್ಷ ಬದುಕಿದರೆಂದೂ, ರಾಗಿಯೂ ಅಕ್ಕಿಯೂ ಇರುವ ಸೀಮೆಯಲ್ಲಿ ಇದೊಂದು ರೋಗವೇ ಎಂದೂ ಆಕೆಯ ವಾದ. ವಾದವು ಮುಕ್ಕಾಲುಪಾಲು ಸರಿ. ನಾಗಮಂಗಲ, ಕೃಷ್ಣರಾಜಪೇಟೆಗಳ ಮಳೆಯಾಶ್ರಯದ ಹೊಲಗಳು ರಾಗಿಯವು. ಕನ್ನಂಬಾಡಿಯ ನೀರು ಹರಿಯುವ ಪಾಂಡವಪುರದ ಬಯಲು ನೆಲ್ಲಿನದು. ಮಂಡ್ಯದ ವಿ. ಸಿ. ಫಾರಮಿನಲ್ಲಿ ಲಕ್ಷ್ಮಣಯ್ಯನವರು ಈ ದೇಶದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ನಿರ್ಮಿಸಿ ರೈತನ ಕಣಜವನ್ನು ತುಂಬಿದರು. 100 ಗ್ರಾಮ್ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕು ಸುಣ್ಣದ ಅಂಶವಿದೆ. ಸವೆದ ಕರುಳಿನ ಮಗುವಿನ ಎಲುಬಿಗೆ ಇದಕ್ಕಿಂತ ಬೇಕಾದದ್ದೇನು? ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ವ್ಯಾಜ್ಯ ಹೂಡಿದ ಕಕ್ಷಿಗಾರರಿಬ್ಬರೂ ಈ ಹುಡುಗಿಯ ಡಬ್ಬಿಯಲ್ಲಿ ಜಗಳವಿಲ್ಲದೆ ಅಕ್ಕಪಕ್ಕ ಕುಳಿತಿರುತ್ತಾರೆ.

ಉಳಿದ ಕಾಲುಪಾಲು ತೊಡಕು ಅಜ್ಜಿಗೆ ನಿಧಾನವಾಗಿ ತಿಳಿಯಿತು. ಗೋಧಿಯನ್ನು ಬಿಟ್ಟ ಆರು ತಿಂಗಳಿಗೆ ಮಗುವಿನ ಕೆನ್ನೆಗೆ ಬಣ್ಣ ಬಂದಿತ್ತು; ಆದರೂ ಆಗಾಗ ಕಾರಣವಿಲ್ಲದೆ ಹೊಟ್ಟೆ ಕೆಡುತ್ತಿತ್ತು. ಹುಡುಕುತ್ತ ಹೋದಾಗ ಸಿಕ್ಕ ಮೊದಲ ಕಳ್ಳನು ಇಂಗು. ಅಚ್ಚ ಇಂಗಿನ ತೀಕ್ಷ್ಣತೆಯನ್ನು ತಗ್ಗಿಸಲು ಅಂಗಡಿಯ ಇಂಗಿಗೆ ಹಿಟ್ಟನ್ನು ಬೆರೆಸುತ್ತಾರೆ. ಬಹುಮಟ್ಟಿಗೆ ಅದು ಗೋಧಿಯ ಅಥವಾ ಮೈದಾ ಹಿಟ್ಟು. ಮೇಲುಕೋಟೆಯ ರೀತಿಯಲ್ಲಿ ಶ್ರದ್ಧೆಯಿಂದ ಮಾಡಿದ ಪುಳಿಯೋಗರೆಯ ಗೊಜ್ಜು, ಸಾರಿನ ಪುಡಿ, ಮಜ್ಜಿಗೆಯ ಒಗ್ಗರಣೆ, ಎಲ್ಲದರಲ್ಲಿಯೂ ಅವನು ಮಡಿಯುಟ್ಟು ಕುಳಿತಿದ್ದನು. ಎರಡನೆಯವನು ಹಿಟ್ಟಿನ ಗಿರಣಿ. ಮುಂದಿನವರ ಗೋಧಿಯನ್ನು ಬೀಸಿದ ಯಂತ್ರಕ್ಕೇ ಇವರ ರಾಗಿ ಬೀಳುತ್ತಿತ್ತು. ಗ್ಲೂಟೆನ್ ಇಲ್ಲದ್ದೆಂದು ಮಾರಲು ಸರ್ಕಾರದ ಕಟ್ಟಳೆಯು ಒಪ್ಪುವುದು ಕಿಲೋಗ್ರಾಮಿಗೆ 20 ಮಿಲಿಗ್ರಾಮ್ ಮಾತ್ರ. ಗಿರಣಿಯ ಸಂದಿಯಲ್ಲಿ ನಿಂತ ಒಂದು ಹಿಡಿ ಹಿಟ್ಟು ಅದನ್ನು ಎಲ್ಲಿಯೋ ಮೀರಿಸಿಬಿಡುತ್ತದೆ. ಅಜ್ಜಿ ಊರಿಗೆ ಹೋಗಿ, ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಬೀಸುವ ಕಲ್ಲನ್ನು ಎತ್ತಿಸಿ, ತೊಳೆಸಿ, ಹಲ್ಲು ಕುಟ್ಟಿಸಿದಳು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಹಿಟ್ಟಿನ ಗಂಟು ಪಾಂಡವಪುರದ ಮಾರ್ಗವಾಗಿ ಬಸ್ಸಿನಲ್ಲಿ ಬರುತ್ತದೆ.

ಬುತ್ತಿಗೂ ಅದರದೇ ಕಷ್ಟಗಳುಂಟು. ಬೆಳಗ್ಗೆ ಎಂಟಕ್ಕೆ ಮೃದುವಾಗಿದ್ದ ರಾಗಿರೊಟ್ಟಿ ಮಧ್ಯಾಹ್ನ ಒಂದಕ್ಕೆ ಹಲಗೆಯಾಗುತ್ತದೆ. ಅಂಟಿಲ್ಲದ ಹಿಟ್ಟಿನ ಸ್ವಭಾವವೇ ಅದು. ತಾಯಿ ಪ್ರಯೋಗ ಮಾಡಿ ಮಾಡಿ, ಕುದಿಯುವ ನೀರಿನಲ್ಲಿ ಕಲಸಿ, ತೆಂಗಿನತುರಿಯನ್ನೂ ನುಗ್ಗೆಸೊಪ್ಪನ್ನೂ ಸೇರಿಸಿ, ಬಿಸಿಯಿರುವಾಗಲೇ ಬಾಳೆಯೆಲೆಯಲ್ಲಿ ಸುತ್ತಿಡುವುದನ್ನು ಕಂಡುಕೊಂಡಳು. ಅಕ್ಕಿರೊಟ್ಟಿಗೆ ಮೆತ್ತಗೆ ಬೆಂದ ಅನ್ನವನ್ನು ಹಿಸುಕಿ ಸೇರಿಸಿದರೆ ಸಂಜೆಯವರೆಗೂ ಮಡಿಸಬಹುದು. ಒತ್ತುಶ್ಯಾವಿಗೆ, ಇಡ್ಲಿ, ನವಣೆಯ ಬಿಸಿಬೇಳೆಬಾತು ಸರದಿಯಲ್ಲಿ ಬರುತ್ತವೆ. ಚಪಾತಿಯ ಕಾವಲಿಗೂ ಈ ರೊಟ್ಟಿಯ ಕಾವಲಿಗೂ ಈಗ ಮುಟ್ಟುಮೈಲಿಗೆ. ಹಳೆಯ ಮಡಿಯ ಕಟ್ಟುಗಳನ್ನು ನಗುತ್ತಿದ್ದ ಸೊಸೆಯೇ ಅತ್ತೆಗೆ ಹೊಸ ಮಡಿಯನ್ನು ಕಲಿಸುತ್ತಿದ್ದಾಳೆ. ಏಕಾದಶಿಯಂದು ಮಾತ್ರ ಪೇಚು. ಆ ದಿನ ಮನೆಯವರು ಅನ್ನವನ್ನು ಬಿಟ್ಟು ಫಲಾಹಾರವೆಂದು ಗೋಧಿರವೆಯ ಉಪ್ಪಿಟ್ಟನ್ನು ಮಾಡುವ ವಾಡಿಕೆ. ಈಗ ಅಂದು ಇಡೀ ಮನೆಯೇ ಸಬ್ಬಕ್ಕಿಗೆ ಶರಣು ಹೊಕ್ಕಿದೆ.

ಇಷ್ಟನ್ನು ಮಾಡಿದರೂ ಡಬ್ಬಿಯು ಬಾಗಿಲು ದಾಟಿದ ಮೇಲೆ ತಾಯಿಯ ಕೈಯಲ್ಲಿಲ್ಲ. ತರಗತಿಯಲ್ಲಿ ಮಕ್ಕಳು ಸುತ್ತಾಗಿ ಕುಳಿತು, ಒಬ್ಬರದನ್ನೊಬ್ಬರು ಹಂಚಿಕೊಂಡು ಉಣ್ಣುತ್ತಾರೆ. ಹಂಚಿ ತಿನ್ನು ಎಂಬುದೇ ಲೋಕವು ಮಗುವಿಗೆ ಕಲಿಸುವ ಮೊದಲನೆಯ ಧರ್ಮ. ಈ ಮಗುವಿಗೆ ಮಾತ್ರ ಬೇಡವೆನ್ನುವುದನ್ನು ಮೊದಲು ಕಲಿಸಬೇಕಾಯಿತು. ಒಮ್ಮೆ ಗೆಳತಿಯ ಹುಟ್ಟುಹಬ್ಬದ ಕೇಕಿನ ಚೂರನ್ನು ತಿಂದು, ಮನೆಯಲ್ಲಿ ಇಲ್ಲವೆಂದು ಹೇಳಿ, ಎರಡು ದಿನ ನರಳಿತು. ತಾಯಿ ಗದರಿಸಲಿಲ್ಲ. ಏಕೆ ತಿಂದೆಯೆಂದು ಕೇಳಿದಾಗ, ತಾನು ಕೊಡುತ್ತೇನೆ ಆದರೆ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ತನಗೆ ಜಂಬವೆನ್ನುತ್ತಾರೆ ಎಂದಿತು. ಮಾರನೆಯ ವಾರದಿಂದ ಬುತ್ತಿಯ ಡಬ್ಬಿ ದೊಡ್ಡದಾಯಿತು. ಎಳ್ಳುಂಡೆ, ಕೋಡುಬಳೆ, ಕಡಲೆಹಿಟ್ಟಿನ ಉಂಡೆಗಳು ಹತ್ತು ಹನ್ನೆರಡು ಮಕ್ಕಳಿಗಾಗುವಷ್ಟು ಹೋಗತೊಡಗಿದವು. ಇಬ್ಬರು ಗೆಳತಿಯರು ತಾವಾಗಿಯೇ ಅನ್ನದ ಬುತ್ತಿಯನ್ನು ತರತೊಡಗಿ, ಮೊದಲ ತುತ್ತನ್ನು ಅವಳಿಗೆ ಕೊಡುತ್ತಾರೆ. ಅವರ ಮನೆಯ ಇಂಗು ಯಾವುದೆಂದು ಆ ತಾಯಂದಿರನ್ನು ಕೇಳಲು ಇವಳಿಗೆ ಒಂದು ತಿಂಗಳ ಧೈರ್ಯ ಬೇಕಾಯಿತು.

ಮುಂದಿನ ವೈಶಾಖದಲ್ಲಿ ಕೃಷ್ಣರಾಜಪೇಟೆಯಲ್ಲಿ ಸೋದರಮಾವನ ಮದುವೆ. ಚಿರೋಟಿ, ಪೂರಿಗಳ ಹಿಟ್ಟು ಅಡಿಗೆಯ ಮನೆಯನ್ನೆಲ್ಲ ತುಂಬುವ ಸಮಯ. ಅಡಿಗೆಯ ಭಟ್ಟರನ್ನು ಮೊದಲೇ ಕಂಡು, ಮಗುವಿನ ಅಡಿಗೆ ಬೇರೆ ಒಲೆಯಲ್ಲಿ, ಬೇರೆ ಸೌಟಿನಲ್ಲಿ, ಎಲ್ಲರಿಗಿಂತ ಮೊದಲು ಆಗಬೇಕೆಂದು ಕೇಳಿಕೊಂಡಿದ್ದಾರೆ. ಭಟ್ಟರು ಒಪ್ಪಿದ್ದಾರೆ, ಅಜ್ಜಿಯು ಒಲೆಯ ಬಳಿ ನಿಂತು ತಮಗೆ ಅಡಿಗೆ ಕಲಿಸಕೂಡದೆಂಬ ಕರಾರಿನ ಮೇಲೆ. ಅಜ್ಜಿ ಆ ಕರಾರಿಗೆ ಇನ್ನೂ ಉತ್ತರ ಕೊಟ್ಟಿಲ್ಲ.