ಪಂಪ್‌ಶೆಡ್ಡಿಗೆ ನೆಲಮಟ್ಟದಲ್ಲೊಂದು ಕಿಂಡಿ

ಬೀರೂರಿನ ಸುತ್ತ ಅಡಿಕೆ, ತೆಂಗಿನ ತೋಟಗಳಲ್ಲಿ ಕರೆಂಟು ಕೈಕೊಟ್ಟರೆ ಪೆಟ್ರೋಲ್ ಎಂಜಿನ್ನೇ ಗತಿ. ಕಳ್ಳರ ಭಯಕ್ಕೆ ನಮ್ಮ ಚಿಕ್ಕಪ್ಪ ಅದನ್ನು ಪಂಪ್‌ಶೆಡ್ಡಿನಲ್ಲಿಟ್ಟು ಬೀಗ ಹಾಕುತ್ತಾರೆ, ಪಕ್ಕದಲ್ಲೇ ಪೆಟ್ರೋಲ್ ಕ್ಯಾನು. "ಮೇಲೆ ಕಿಟಕಿ ಇದೆಯಲ್ಲೋ, ವಾಸನೆ ಹೋಗುತ್ತೆ" ಅನ್ನೋರು.

ಹೋಗಲ್ಲ. ಪೆಟ್ರೋಲ್ ಆವಿ ಹೊಗೆಯ ಹಾಗೆ ಮೇಲೇರುವುದಿಲ್ಲ. ಗಾಳಿಗಿಂತ 3-4 ಪಟ್ಟು ಭಾರ. ನೀರಿನಂತೆ ತಗ್ಗು ಹುಡುಕಿಕೊಂಡು ನೆಲದ ಮೇಲೆ ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಬೆರೆತಿದ್ದರೆ ಸಾಕು, ಸ್ಟಾರ್ಟರಿನ ಒಂದು ಕಿಡಿಗೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಇದರ ಪಾಠ ಕಲಿಯಬೇಕಾದ್ದು ದೋಣಿಗಳಿಂದ. ಕೆಲವು ದೋಣಿಗಳ ಹೊಟ್ಟೆಯೊಳಗೇ ಪೆಟ್ರೋಲ್ ಎಂಜಿನ್ ಇರುತ್ತದೆ. ಸೋರಿದ ಆವಿ ತಳದಲ್ಲೇ ಕೂರುತ್ತದೆ, ಹೊರಗೆ ಹರಿಯಲು ದಾರಿಯಿಲ್ಲ. ಅದಕ್ಕೇ ತಳದ ಹತ್ತಿರದವರೆಗೆ ಪೈಪು ಇಳಿಸಿ, ಕಿಡಿ ಹಾರದ ಬ್ಲೋವರಿನಿಂದ ಗಾಳಿ ಎಳೆದು ಹೊರಹಾಕುತ್ತಾರೆ. ಕನಿಷ್ಠ 4 ನಿಮಿಷ ಬ್ಲೋವರ್ ಓಡಿಸಿ, ಮೂಸಿ ನೋಡಿ, ಆಮೇಲೇ ಎಂಜಿನ್ ಸ್ಟಾರ್ಟ್. ನೀವು ಮನೆಯ ಟೇಬಲ್ ಫ್ಯಾನ್ ತಂದು ಈ ಕೆಲಸಕ್ಕೆ ಹಚ್ಚಬೇಡಿ, ಅದರಲ್ಲೇ ಕಿಡಿ ಹಾರೀತು.

ನಮ್ಮ ಶೆಡ್ಡಿನಲ್ಲಿ ಎದುರುಬದುರು ಗೋಡೆಗೆ ನೆಲಕ್ಕೆ ತಾಗಿದಂತೆ ಕಿಂಡಿ ಒಡೆಸಿದೆವು. ಚಿಕ್ಕಪ್ಪನ ತಕರಾರು ಹಾವಿನದು. ತೋಟದಲ್ಲಿ ಅದೇನು ಸಣ್ಣ ಮಾತಲ್ಲ, ಜಾಲರಿ ಬಡಿದಾಯಿತು. ಕ್ಯಾನು ಆಚೆ ಬೇರೆ ಗೂಡಿಗೆ ಹೋಯಿತು. ಬೀಡಿ ಮಾತ್ರ ಬಿಟ್ಟಿಲ್ಲ, ಬದುವಿನಾಚೆ ಹೋಗಿ ಸೇದುತ್ತಾರೆ.

ಎಂಜಿನ್ ಓಡಿಸುವುದು ಮಾತ್ರ ಬಯಲಿನಲ್ಲೇ. ಕಿಂಡಿಯಿದ್ದರೂ, ಬಾಗಿಲು ತೆಗೆದಿದ್ದರೂ ಒಳಗೆ ಬೇಡ. ಸೈಲೆನ್ಸರಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಬಾಗಿಲ ತನಕ ನಡೆಯಲೂ ಕಾಲು ಬರದೆ ಹೋಗಬಹುದು.