ಸಂಕೇಶ್ವರದಾಗ ಹೈವೇ ಹತ್ತಿದ ದಿನ

ಲೈಸನ್ಸ್ ಬಂದು ಎರಡ ವಾರ ಆಗಿತ್ತು ದೋಸ್ತ್ರ. ಗೋಕಾಕ–ಮೂಡಲಗಿ ರಸ್ತೆದಾಗ ನಾನ ರಾಜಾ. ಆದ್ರ ಸಂಕೇಶ್ವರದ ಹತ್ರ ಸರ್ವಿಸ್ ರೋಡಿನಿಂದ ಎನ್‌ಎಚ್ 48ಕ್ಕ ಸೇರುವಾಗ ಅಂಜಿ, ರಸ್ತೆ ಕೂಡೋ ತುದಿಯೊಳಗ ಬ್ರೇಕ್ ಒತ್ತಿಬಿಟ್ಟೆ. ಹಿಂದಿನ ಲಾರಿ ಒಂದ ಗೇಣು ಬಿಟ್ಟು ನಿಂತಿತು. ಬಾಜೂಕ ಕೂತ ಕಾಕಾ ಬೈಲಿಲ್ಲ. "ನಿಂತಲ್ಲಿಂದ, 90ರಾಗ ಬರೋ ಗಾಡಿ ನಡುವ ಹ್ಯಾಂಗ ಹೊಗತಿಯೋ?" ಅಂದ್ರು, ಅಷ್ಟ.

ನಿಧಾನ ಹೋದ್ರ ಸೇಫ್ ಅಂತ ತಿಳ್ಕೊಂಡಿದ್ದೆ. ಇಲ್ಲಿ ಅದು ಉಲ್ಟಾ. ಆ ಓರೆ ರಸ್ತೆ ಇರೂದ ವೇಗ ಏರಿಸ್ಕೊಳ್ಳಾಕ. ಬಲಗಡೆ ಇಂಡಿಕೇಟರ್ ಮೊದಲ ಹಾಕ್ರಿ. ಕನ್ನಡಿ ನೋಡ್ರಿ, ಆಮೇಲೆ ಬಲ ಹೆಗಲ ಮ್ಯಾಲಿಂದ ಒಮ್ಮೆ ಹೊರಳಿ ನೋಡ್ರಿ. ಕನ್ನಡಿಗೆ ಕಾಣದ ಬೈಕ್ ಅಲ್ಲೇ ಇರ್ತೈತಿ. ಎಡ ಲೇನಿನ ಗಾಡಿಗಳ ವೇಗಕ್ಕ ಹೊಂದಿಸಿ, ಸಂದಿ ಸಿಕ್ಕಾಗ ಸೇರ್ರಿ. ಹೈವೇದಾಗ ಇದ್ದವ್ರಿಗೇ ಮೊದಲ ದಾರಿ. ಸಂದಿ ಇಲ್ಲಂದ್ರ ತುದಿ ಬರೋ ಮೊದಲ ನಿಧಾನ ಆಗ್ರಿ, ನನ್ನಂಗ ಗಕ್ಕನ ನಿಲ್ಲಬ್ಯಾಡ್ರಿ. ಸೇರಿದ ಮ್ಯಾಲೆ ಸ್ವಲ್ಪ ಹೊತ್ತು ಎಡಕ್ಕ ಇರ್ರಿ.

ಕಬ್ಬಿನ ಹಂಗಾಮಿನಾಗ ಮಾತ್ರ ಬ್ಯಾರೆ ಲೆಕ್ಕ. ಎರಡು ಡಬ್ಬಿ ಟ್ರ್ಯಾಕ್ಟರ್ ಮುಂದಿದ್ರ ಅದನ್ನ ದೂರ ಹೋಗಾಕ ಬಿಡ್ರಿ, ಇಲ್ಲಂದ್ರ ವೇಗ ಏರಿಸಾಕ ಜಾಗಾನ ಸಿಗೂದಿಲ್ಲ. ಎಷ್ಟೋ ಡಬ್ಬಿಗೆ ಹಿಂದ ಲೈಟೂ ಇರೂದಿಲ್ಲ.

ಹ್ವಾದ ಐತವಾರ ಹತ್ತರಗಿ ಟೋಲ್ ತನಕ ನಾನ ಓಡಿಸ್ದೆ. ಕಾಕಾ ಬಾಜೂಕ ನಿದ್ದಿ, ಗೊರಕಿ ಸಮೇತ.