ದೊಡ್ಡಮ್ಮನವರ ಧ್ವನಿ, ಗಣಕಯಂತ್ರದ ಪಾಠ

ಶರಣರ ಮಾತು ತಾನೇ ತಾನಾಗಿ ನಮ್ಮವರೆಗೆ ಉಳಿದು ಬಂದದ್ದಲ್ಲ. ಓಲೆಗರಿಗಳನ್ನು ಹುಡುಕಿ ಸಂಗ್ರಹಿಸಿ, ಓದಿ, ತಿದ್ದಿ, ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರಂತಹ ಹಿರಿಯರ ದುಡಿಮೆಯಿಂದ ಅದು ಉಳಿಯಿತು. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂದಿರದಿದ್ದರೆ ಇಂದು ನಮ್ಮ ಮನೆಗಳಲ್ಲಿ ಎಷ್ಟು ವಚನಗಳು ಬಾಯಿಪಾಠವಾಗಿರುತ್ತಿದ್ದವೋ ಹೇಳಲಾಗದು. ಮಾತು ಹೀಗೆ ಉಳಿಯಿತು, ಧಾಟಿಯ ಗತಿಯೇನು? ಮಲ್ಲಿಕಾರ್ಜುನ ಮನಸೂರರಂತಹ ಮಹನೀಯರ ವಚನಗಾಯನ ಧ್ವನಿಮುದ್ರಿಕೆಗಳಲ್ಲಿ ಭದ್ರವಾಗಿದೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಪೂಜೆಯ ಹೊತ್ತಿನಲ್ಲಿ, ಅಕ್ಕನ ಬಳಗದ ಕೂಟಗಳಲ್ಲಿ ನಮ್ಮ ತಾಯಂದಿರು ಹಾಡುತ್ತಿದ್ದ ಧಾಟಿಗಳಿಗೆ ಸ್ವರಲಿಪಿ ಹಾಕಿ ಬರೆದಿಟ್ಟವರು ವಿರಳ. ಹಾಡಿದವರು ಲಿಂಗೈಕ್ಯರಾದೊಡನೆ ಆ ಧಾಟಿಯೂ ಮಣ್ಣು ಸೇರಿತು.

ನಮ್ಮ ಕುಟುಂಬದ ಪುಣ್ಯವೆಂದರೆ, ಮಳವಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮನವರು 1986ರ ಸುಮಾರಿನಲ್ಲಿ ಹಾಡಿದ ವಚನಗಳು ಎರಡು ಕ್ಯಾಸೆಟ್ಟುಗಳಲ್ಲಿ ಉಳಿದಿದ್ದವು. ಯಾರೋ ಬಂಧುಗಳು ಟೇಪ್ ರೆಕಾರ್ಡರನ್ನು ನಡುಮನೆಯಲ್ಲಿಟ್ಟು ಮುದ್ರಿಸಿಕೊಂಡದ್ದು. ಶ್ರುತಿಪೆಟ್ಟಿಗೆಯೂ ಇಲ್ಲ, ತಬಲವೂ ಇಲ್ಲ. ಅವರ ಮಗಳು, ಎಂದರೆ ಮದ್ದೂರಿನ ನಮ್ಮ ತಂಗಿ, ತಾಯಿಯ ಸ್ಮರಣೆಯ ದಿನ ಆ ಧ್ವನಿಯನ್ನು ಮನೆಮಂದಿಗೆಲ್ಲ ಕೇಳಿಸಬೇಕೆಂದು ಆಸೆಪಟ್ಟರು. “ಮೊಮ್ಮಕ್ಕಳು ಅವ್ವನ ಫೋಟೋ ನೋಡವ್ರೆ ಅಣ್ಣ, ದನಿ ಕೇಳಿಲ್ಲ” ಎಂದರು. ಆ ಮಾತಿಗೆ ಎದುರಾಡುವುದು ಸಾಧ್ಯವೇ?

ಕ್ಯಾಸೆಟ್ಟೆಂಬುದು ಚಿರಂಜೀವಿಯಲ್ಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತೀಯ ಪುಡಿಯಲ್ಲಿ ಧ್ವನಿ ಅಡಗಿರುತ್ತದೆ. ವರ್ಷಗಳು ಕಳೆದಂತೆ ಪುಡಿ ಉದುರುತ್ತದೆ, ಪಟ್ಟಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮಂಡ್ಯದಲ್ಲಿ ಓದುತ್ತಿದ್ದ ಅಳಿಯ, ನಮ್ಮ ತಂಗಿಯ ಮಗ, ಟೇಪ್ ರೆಕಾರ್ಡರಿನ ತಲೆಯನ್ನು ಶುಚಿಮಾಡಿ, ತಂತಿಯೊಂದರಿಂದ ಗಣಕಯಂತ್ರಕ್ಕೆ ಜೋಡಿಸಿ ಎರಡೂ ಕ್ಯಾಸೆಟ್ಟುಗಳನ್ನು ಒಂದೇ ಸಲಕ್ಕೆ ಇಳಿಸಿಕೊಂಡ. ಸೆಕೆಂಡಿಗೆ 44,100 ಮಾದರಿಗಳಂತೆ ಇಳಿಸಿದರೆ ಒಂದು ಗಂಟೆಯ ಸ್ಟೀರಿಯೋ ಧ್ವನಿ ಸುಮಾರು 635 ಎಂಬಿಯಷ್ಟಾಗುತ್ತದೆ. ಈ ಮೂಲಪ್ರತಿಯನ್ನು ಮುಟ್ಟದೆ ಎರಡು ಕಡೆ ಇಟ್ಟು, ನಕಲಿನ ಮೇಲೆ ಮಾತ್ರ ಕೆಲಸ ಮಾಡುವುದೆಂದು ನಿಶ್ಚಯಿಸಿದೆವು.

ಇಳಿಸಿದ ಧ್ವನಿಯಲ್ಲಿ ದೊಡ್ಡಮ್ಮನವರು ಮಂಜಿನ ಆಚೆ ನಿಂತು ಹಾಡಿದಂತಿತ್ತು. ಟೇಪಿನ ಸುಸ್ಸೆನ್ನುವ ಸದ್ದು ಒಂದು ಕಡೆ; ವಿದ್ಯುತ್ತಿನ ಗುಂಯ್‌ಗುಡುವಿಕೆ ಮತ್ತೊಂದು ಕಡೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಈ ಗುಂಯ್‌ಕಾರವು 50, 100, 150 ಎಂಬ ಸ್ಥಾನಗಳಲ್ಲಿ ಕುಳಿತಿರುತ್ತದೆ. ಅದನ್ನು ಅಳಿಸಲು ‘ಪ್ಲಗಿನ್’ ಎಂಬ ಸಣ್ಣ ತಂತ್ರಾಂಶ ಬೇಕಾಯಿತು. ಧ್ವನಿಯನ್ನು ತಿದ್ದುವ ದೊಡ್ಡ ತಂತ್ರಾಂಶವು ಮನೆಯಾದರೆ, ಪ್ಲಗಿನ್ ಎಂಬುದು ಕೆಲಸಕ್ಕೆ ಬಂದ ಕುಶಲಕರ್ಮಿಯಂತೆ. ತಾನೊಬ್ಬನೇ ನಿಲ್ಲಲಾರ, ಮನೆಯವರು ಬಾಗಿಲು ತೆರೆದರೆ ಒಳಗೆ ಬಂದು ಕೆಲಸ ಮಾಡುತ್ತಾನೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ಇದಕ್ಕಾಗಿ ‘ವಿಎಸ್‌ಟಿ’ ಎಂಬ ಪದ್ಧತಿಯನ್ನು ರೂಪಿಸಿತು. 2008ರಲ್ಲಿ ಅದರ ಮೂರನೆಯ ರೂಪ ಬಂದಿತು.

ಕುಶಲಕರ್ಮಿಯೇನೋ ಬಂದ, ಬಾಗಿಲು ತೆರೆಯಲಿಲ್ಲ. ಪ್ಲಗಿನ್ ಅರ್ಧಕ್ಕೆ ನಿಂತು, ಕಡತವನ್ನು ಬರೆಯಲಾಗದೆಂದು ಹೇಳಿ ಮುಚ್ಚಿಕೊಂಡಿತು. ಸ್ಮರಣೆಗೆ ಹನ್ನೆರಡು ದಿನ ಉಳಿದಿತ್ತು. ಅಳಿಯ ಕ್ಯಾಸೆಟ್ಟು, ಗಣಕಯಂತ್ರಗಳೊಡನೆ ಮದ್ದೂರಿಗೆ ಬಂದ. ನಗರದ ಅಂಗಡಿಯೊಂದರಲ್ಲಿ ಕೇಳಿದಾಗ, ಬೀಗ ಒಡೆದ ಪ್ರತಿಯನ್ನು ಬಿಟ್ಟಿಯಾಗಿ ಹಾಕಿಕೊಡುವುದಾಗಿಯೂ, ಅದಕ್ಕಾಗಿ ವೈರಸ್ ತಡೆಯುವ ತಂತ್ರಾಂಶವನ್ನು ಆರಿಸಬೇಕೆಂದೂ ಹೇಳಿದರಂತೆ. “ಏನು ಮಾಡಲಿ ಮಾವ?” ಎಂದು ಕೇಳಿದ. ಸತ್ಯಶುದ್ಧ ಕಾಯಕವನ್ನು ಕುರಿತು ಹಾಡಿದ ಕೊರಳನ್ನು ಕದ್ದ ಸಾಧನದಿಂದ ತೊಳೆಯುವುದೇ? ಧರ್ಮದ ಮಾತು ಹಾಗಿರಲಿ, ಲೋಕದ ವಿವೇಕವೂ ಅದನ್ನು ಒಪ್ಪದು. ಅಂತಹ ಪ್ರತಿಗಳೊಡನೆ ವೈರಸ್ ನುಸುಳಿದರೆ ಇಳಿಸಿಟ್ಟ ಧ್ವನಿಯೇ ಕೈತಪ್ಪಿ ಹೋದೀತು. “ಬೇಡ ಮಗು, ನಿಧಾನವಾಗಿ ಕಾರಣ ಹುಡುಕೋಣ” ಎಂದೆನು.

ಹುಡುಕುವುದಕ್ಕೆ ಒಂದು ಕ್ರಮವಿರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಹತ್ತನ್ನು ಒಟ್ಟಿಗೆ ತಿರುಗಿಸಿದರೆ ರೋಗ ಗುಣವಾದರೂ ಮದ್ದು ಯಾವುದೆಂದು ತಿಳಿಯದು.

ಮೊದಲು ಯಂತ್ರದ ಯಜಮಾನಿಕೆಯ ಅನುಮತಿಯಿಂದ, ಎಂದರೆ ‘ಅಡ್ಮಿನಿಸ್ಟ್ರೇಟರ್’ ಆಗಿ, ಪ್ಲಗಿನ್ನನ್ನು ಸ್ಥಾಪಿಸಲು ಯತ್ನಿಸಿದೆವು. ಫಲವಿಲ್ಲ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಆಮೇಲೆ ಅಳಿಯ ದೋಷಸೂಚನೆಯನ್ನು ಅಕ್ಷರ ಅಕ್ಷರ ಓದಿದ. ಅದರಲ್ಲಿ ಕಡತದ ದಾರಿಯ ನಡುವೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲೊಂದಿತ್ತು. ಗುಟ್ಟು ಅಲ್ಲಿತ್ತು! ಕನ್ನಡದ ಅಭಿಮಾನಿಯಾದ ಅಳಿಯ ಯಂತ್ರದಲ್ಲಿ ತನ್ನ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆದಿದ್ದ. ಸ್ಥಾಪನೆಯ ವೇಳೆ ತಾತ್ಕಾಲಿಕ ಕಡತಗಳು ಆ ಹೆಸರಿನ ಕೋಶದೊಳಗೇ ಬಿಚ್ಚಿಕೊಳ್ಳುತ್ತವೆ. ವಿಂಡೋಸ್ ಕನ್ನಡವನ್ನು ಬಲ್ಲುದು; ಹಳೆಯ ರೀತಿಯಲ್ಲಿ ಬರೆದ ಆ ಸ್ಥಾಪಕ ತಂತ್ರಾಂಶ ಅರಿಯದು. ಇಂಗ್ಲಿಷ್ ಅಕ್ಷರಗಳಲ್ಲಿ ಹೊಸ ಖಾತೆಯೊಂದನ್ನು ತೆರೆದು ಅದರಲ್ಲಿ ಸ್ಥಾಪಿಸಿದಾಗ ಕೆಲಸ ಸುಗಮವಾಗಿ ಮುಗಿಯಿತು. ಕನ್ನಡ ಹೆಸರಿಟ್ಟದ್ದು ತಪ್ಪಲ್ಲ. ಜಗತ್ತಿನ ಭಾಷೆಗಳನ್ನು ನೆನೆಯದೆ ತಂತ್ರಾಂಶ ಬರೆದದ್ದು ತಪ್ಪು. ಮುಂದೆ ಇಂತಹವನ್ನು ಬರೆಯಲಿರುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ಸ್ಥಾಪನೆಯಾಯಿತೆಂದು ಹಿಗ್ಗಿದರೆ, ಧ್ವನಿಯ ತಂತ್ರಾಂಶದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಈ ತೊಡಕು ಬಹಳ ಜನರನ್ನು ಕಾಡುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳು. ಒಂದು, 32 ಬಿಟ್ ಮತ್ತು 64 ಬಿಟ್ ಎಂಬ ಭೇದ. ಧ್ವನಿಯ ತಂತ್ರಾಂಶ 64 ಬಿಟ್ಟಿನದಾಗಿದ್ದು ಪ್ಲಗಿನ್ 32ರದ್ದಾದರೆ, ನಡುವೆ ಸೇತುವೆಯಂತಹ ವ್ಯವಸ್ಥೆ ಇಲ್ಲದಿದ್ದಾಗ ಒಂದು ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳದು. ನಮ್ಮದು ಅಂತಹುದೇ, ತಯಾರಕರಲ್ಲಿಂದಲೇ 64ರ ಪ್ರತಿಯನ್ನು ತರಿಸಿಕೊಂಡೆವು. ಎರಡು, ಕೋಶದ ಪ್ರಶ್ನೆ. ವಿಎಸ್‌ಟಿ3 ಪ್ಲಗಿನ್ನುಗಳಿಗೆ ವಿಂಡೋಸಿನಲ್ಲಿ ಪ್ರೋಗ್ರಾಂ ಫೈಲ್ಸ್, ಅದರೊಳಗೆ ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3 ಎಂಬ ಗೊತ್ತಾದ ಸ್ಥಾನವಿದೆ. ಹಳೆಯ ವಿಎಸ್‌ಟಿ2ಕ್ಕೆ ಹಾಗಿಲ್ಲ. ನಾವೇ ಒಂದು ಕೋಶವನ್ನು ಗೊತ್ತುಮಾಡಿ, ಅಲ್ಲಿ ಹುಡುಕೆಂದು ತಂತ್ರಾಂಶಕ್ಕೆ ತಿಳಿಸಬೇಕು. ನಮ್ಮ ಪ್ಲಗಿನ್ ಹಳೆಯ ಬಗೆಯದು. ಕೋಶವನ್ನು ತೋರಿಸಿ, ಪುನಃ ಶೋಧಿಸುವಂತೆ ಆಜ್ಞಾಪಿಸಿದಾಗ ಹೆಸರು ಪಟ್ಟಿಗೆ ಬಂದಿತು. ಅಳಿಯ ಎದ್ದು ನಿಂತು ಕೈಮುಗಿದ!

ಇಷ್ಟೆಲ್ಲ ಮಾಡಲು ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. 2000ದಲ್ಲಿ ಬಿಡುಗಡೆಯಾದ ‘ಆಡಾಸಿಟಿ’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದು ಒಂದು ಬಗೆಯ ದಾಸೋಹವೆಂದೇ ಭಾವಿಸುತ್ತೇನೆ. ಟೇಪಿನ ಸುಸ್ಸನ್ನು ತಗ್ಗಿಸುವ ಸಾಧನ ಅದರಲ್ಲಿಯೇ ಇದೆ. ಹಾಡು ಆರಂಭವಾಗುವ ಮುಂಚಿನ ಕ್ಷಣದ ಬರಿಯ ಸದ್ದನ್ನು ಮಾದರಿಯಾಗಿ ತೋರಿಸಿದರೆ, ಉಳಿದೆಡೆ ಅಂತಹ ಸದ್ದನ್ನೇ ಅದು ತಗ್ಗಿಸುತ್ತದೆ.

ಗುಂಯ್‌ಕಾರ ಹೋಯಿತು, ಸುಸ್ಸು ತಗ್ಗಿತು. ಯೌವನದ ಉತ್ಸಾಹದಲ್ಲಿ ಅಳಿಯ ಇನ್ನಷ್ಟು ತೊಳೆಯಹೊರಟ. ಆಗ ಧ್ವನಿ ಶುಭ್ರವಾಯಿತು, ಆದರೆ ತಗಡಿನಂತಾಯಿತು. ಸಾಲು ಸಾಲಿನ ನಡುವೆ ದೊಡ್ಡಮ್ಮನವರು ಎಳೆದುಕೊಳ್ಳುತ್ತಿದ್ದ ಉಸಿರೇ ಮಾಯವಾಗಿತ್ತು. ಜತೆಯಲ್ಲಿ ಕೇಳುತ್ತಿದ್ದ ತಂಗಿ, “ಇದು ನಮ್ಮವ್ವ ಅಲ್ಲ ಕಣಪ್ಪ” ಎಂದರು. ಅವನು ಮರುಮಾತಾಡದೆ ಅಳತೆಯನ್ನು ಅರ್ಧಕ್ಕೆ ಇಳಿಸಿದ. ಉಸಿರು ಮರಳಿ ಬಂದಿತು. ಜತೆಗೆ ಹಿತ್ತಲಿನಲ್ಲಿ ಕರುವೊಂದು ಕೂಗಿದ್ದೂ, ಬಾವಿಯ ರಾಟೆ ಕಿರುಗುಟ್ಟಿದ್ದೂ ಕೇಳಿಸಿತು. ಅವನ್ನು ಹಾಗೆಯೇ ಬಿಟ್ಟೆವು. ಆ ಮನೆ ಈಗಿಲ್ಲ, ಬಾವಿಯೂ ಮುಚ್ಚಿದೆ.

ಸ್ಮರಣೆಯ ದಿನ ಪ್ರಸಾದಕ್ಕೆ ಮೊದಲು ಅರ್ಧ ಗಂಟೆ ಆ ಧ್ವನಿ ಮನೆಯನ್ನು ತುಂಬಿತು. ಹಿರಿಯರೊಬ್ಬರು ತಮಗರಿಯದೆಯೇ ಜತೆಗೂಡಿ ಹಾಡತೊಡಗಿದರು; ಆ ಧಾಟಿ ಬಲ್ಲವರು ಇನ್ನೂ ಒಬ್ಬರಿದ್ದಾರೆಂದು ನಮಗೆ ತಿಳಿದದ್ದು ಆಗಲೇ. ಈಗ ತಂಗಿಯ ಮೊಮ್ಮಗಳು ಅವರ ಬಳಿ ಕುಳಿತು ಕಲಿಯುತ್ತಿದ್ದಾಳೆ.

ಓದುಗ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನೊಳಗೆ ಇಂತಹ ಕ್ಯಾಸೆಟ್ಟುಗಳಿದ್ದರೆ ಈ ವರ್ಷವೇ ಹೊರತೆಗೆಯಿರಿ. ಯಂತ್ರ ಬಲ್ಲ ಮಕ್ಕಳನ್ನೂ, ಧ್ವನಿ ಬಲ್ಲ ಹಿರಿಯರನ್ನೂ ಒಂದೆಡೆ ಕೂರಿಸಿರಿ. ಕಿರಿಯರಿಲ್ಲದೆ ಬಾಗಿಲು ತೆರೆಯದು. ಹಿರಿಯರಿಲ್ಲದೆ ಒಳಗಿರುವುದು ಯಾರ ಧ್ವನಿಯೆಂದು ತಿಳಿಯದು.